ಖಾನಾಪುರದಿಂದ ಧಾರವಾಡಕ್ಕೆ

ಓದುಗರೇ, ಖಾನಾಪುರ ತಾಲೂಕಿನ ಕಾಡಂಚಿನ ಮನೆಯೊಂದರಲ್ಲಿ ಹುಡುಗನಿಗೆ ಮೂರ್ಛೆ ಬಂತೆನ್ನಿ. ಕೈಗೆ ಕಬ್ಬಿಣದ ಕೀಲಿಕೈ ಕೊಡುವುದು, ದೇವರಿಗೆ ಹರಕೆ ಹೊರುವುದು ಹಿಂದಿನಿಂದ ನಡೆದುಬಂದದ್ದು. ಅಜ್ಞಾನವೆಂದು ಹಳಿಯುವುದು ಸುಲಭ. ಆದರೆ ಆ ಮನೆಯವರು ತಟ್ಟಬಹುದಾದ ಬೇರೆ ಬಾಗಿಲು ಯಾವುದಿತ್ತು?

ಮುಂಬಯಿ ಪ್ರಾಂತದ ಕಾಲದಲ್ಲಿ ಈ ಸೀಮೆಯವರಿಗೆ ಇದ್ದದ್ದು ಧಾರವಾಡದ ಹುಚ್ಚಾಸ್ಪತ್ರೆ. ಅದು 1845ರಲ್ಲಿ ಆರಂಭವಾದಾಗ ಲೋಂಡಾ ಮಾರ್ಗದ ರೈಲು ಬರಲು ಇನ್ನೂ ಸುಮಾರು ನಾಲ್ಕು ದಶಕವಿತ್ತು. ಮುಂದೆ 1912ರ ಕಾಯಿದೆ ಬಂದ ಮೇಲೂ ಒಳಗೆ ಸೇರಿಸಲು ಸಾಮಾನ್ಯವಾಗಿ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಕಾಯಿಲೆಗೆ ಕಚೇರಿ ಹತ್ತಬೇಕೆಂದರೆ ಯಾರು ತಾನೇ ಮುಂದೆ ಬಂದಾರು!

ಬೆಳಗಾವಿಯ ಟಿಳಕವಾಡಿಯಲ್ಲಿ ವ್ಯಾಕ್ಸಿನ್ ಡಿಪೋ ಇರುವುದನ್ನು ನೀವು ಬಲ್ಲಿರಿ. ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ಸ್ಥಳವದು. ಲಸಿಕೆ ಹಾಕುವವನು ಊರಿಗೆ ಬಂದು ಚುಚ್ಚಿ ಹೋದರೆ ಕೆಲಸ ಬಹುಮಟ್ಟಿಗೆ ಮುಗಿಯಿತು. ಮೂರ್ಛೆರೋಗ ಹಾಗಲ್ಲ. ಮಾತ್ರೆ ದಿನವೂ, ವರ್ಷಗಟ್ಟಲೆ ಬೇಕು. ತಿಂಗಳು ತಪ್ಪಿದರೆ ರೋಗ ಮರುಕಳಿಸೀತು. ಇದಕ್ಕೆ ಬೇಕಾದದ್ದು ದೊಡ್ಡ ಕಟ್ಟಡವಲ್ಲ. ಹತ್ತಿರದ ದವಾಖಾನೆ, ಖಾಲಿಯಾಗದ ಮಾತ್ರೆ, ಬಾರದವರ ಮನೆಗೆ ಹೋಗಿ ವಿಚಾರಿಸುವ ಒಬ್ಬ ಕಾರ್ಯಕರ್ತೆ.

ಈ ಮಾತನ್ನು ಕರ್ನಾಟಕವೇ ದೇಶಕ್ಕೆ ಮಾಡಿ ತೋರಿಸಿತು. ಬೆಂಗಳೂರಿನ ನಿಮ್ಹಾನ್ಸ್ 1975ರಲ್ಲಿ ಸಮುದಾಯ ಮನೋವೈದ್ಯ ಘಟಕ ತೆರೆದು, ಸಕಲವಾರದಲ್ಲಿ ಹಳ್ಳಿಗರ ನಡುವೆ ಪ್ರಯೋಗ ನಡೆಸಿತು. 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಅಗತ್ಯವಾದ ಕೆಲವೇ ಔಷಧಿ ಒದಗಿಸಿ, ಸರಳ ದಾಖಲೆ ಇಡಿಸಲಾಯಿತು. ಅದೇ ಮಾದರಿ 1996ರಲ್ಲಿ ರಾಷ್ಟ್ರೀಯ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು.

ಬೆಳಗಾವಿಗೆ 1963ರಲ್ಲಿಯೇ ಕೆ.ಎಲ್.ಇ. ಸಂಸ್ಥೆಯ ಜವಾಹರಲಾಲ ನೆಹರೂ ವೈದ್ಯಕೀಯ ಕಾಲೇಜು ಬಂತು. ಆದರೆ ನಗರದಲ್ಲಿ ತಜ್ಞರಿದ್ದಾರೆಂದ ಮಾತ್ರಕ್ಕೆ ಕಣಕುಂಬಿಯವರಿಗೆ ಸಿಕ್ಕರೆಂದು ಅರ್ಥವಲ್ಲ. ಖಾನಾಪುರದಲ್ಲಿ ಮನಸ್ಸಿನ ನೋವು ಮರಾಠಿಯಲ್ಲೂ ಹೊರಬರುತ್ತದೆ, ಕನ್ನಡದಲ್ಲೂ. ಕೇಳುವವರಿಗೆ ಎರಡೂ ತಿಳಿದಿರಬೇಕು.

ಅಪಘಾತದ ಮಾತೂ ಇದೇ. ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ತಲೆಗೆ ಪೆಟ್ಟಾದವರಿಗೆ, ಹೊಲದ ಕೀಟನಾಶಕ ಕುಡಿದವರಿಗೆ ಮೊದಲ ಗಂಟೆಯೇ ಮುಖ್ಯ. 108ರ ಆಂಬುಲೆನ್ಸ್ 2008ರಲ್ಲಿ ಬಂತು. ಮನಸ್ಸಿನ ಸಂಕಟಕ್ಕೆ 2022ರಿಂದ ಟೆಲಿ-ಮಾನಸ್ 14416 ಇದೆ, ಬರೆದಿಟ್ಟುಕೊಳ್ಳಿ.

ಆದರೂ 2024ರ ಮಳೆಗಾಲದಲ್ಲಿ ಖಾನಾಪುರ ತಾಲೂಕಿನ ಆಮಗಾಂವದ ಜನ ಕಾಯಿಲೆ ಬಿದ್ದ ಹೆಣ್ಣುಮಗಳೊಬ್ಬಳನ್ನು ಹೆಗಲ ಮೇಲೆ ಹೊತ್ತೇ ಕಾಡು ದಾಟಿದರು.