ಲವಣದ್ರಾವಣವೂ ಘೋಷರ ಮತವೂ

ಅಬ್ಬಿಗೆರೆಯಿಂದ ಯಶವಂತಪುರವನ್ನು ದಾಟಿದರೆ ದೊರೆಯುವ, ಜನರು ತಾತಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಗೆ 1939ರಿಂದ 1948ರವರೆಗೆ ನಿರ್ದೇಶಕರಾಗಿದ್ದ ಜ್ಞಾನಚಂದ್ರ ಘೋಷರ ಕೀರ್ತಿಗೆ ಮೂಲವಾದದ್ದು ಉಪ್ಪುನೀರಿನ ವಿಚಾರವು. ಕರಗಿದ ಲವಣದಲ್ಲಿ ಒಂದಂಶ ಮಾತ್ರ ಧನ, ಋಣ ಅಯಾನುಗಳಾಗಿ ಒಡೆದು ವಿದ್ಯುತ್ತನ್ನು ವಹಿಸುವುದೆಂದು 1887ರಲ್ಲಿ ಅರ್ಹೀನಿಯಸನು ಹೇಳಿದ್ದನು. ಉಪ್ಪಿನ ಹರಳೇ ಅಯಾನುಗಳ ಜೋಡಣೆಯೆಂದು 1913ರಲ್ಲಿ ಬ್ರ್ಯಾಗನು ತೋರಿಸಿದ ಮೇಲೆ, ಒಡೆಯದ ಅಣುವೆಲ್ಲಿಯದು? ಇಡೀ ಲವಣವೇ ಅಯಾನುಗಳಾಗಿರುವುದೆಂದೂ, ಪರಸ್ಪರಾಕರ್ಷಣವನ್ನು ಮೀರಿದವು ಮಾತ್ರ ಪ್ರವಾಹವನ್ನು ಒಯ್ಯುವುವೆಂದೂ 1918ರಲ್ಲಿ ಘೋಷರು ವಾದಿಸಿದರು. ದ್ರಾವಣದಲ್ಲಿಯೂ ಅಯಾನುಗಳು ಹರಳಿನಂತೆ ಸಾಲುಗಟ್ಟಿರುವುವೆಂಬ ಅವರ ಕಲ್ಪನೆಯಾದರೋ ನಿಲ್ಲಲಿಲ್ಲ. 1923ರಲ್ಲಿ ಡಿಬೈ, ಹ್ಯುಕೆಲ್ ಎಂಬವರು ಪ್ರತಿಯೊಂದು ಅಯಾನಿನ ಸುತ್ತಲೂ ವಿರುದ್ಧ ವಿದ್ಯುದಂಶದ ಮೇಘವನ್ನು ಗ್ರಹಿಸಿ ಗಣಿತವನ್ನು ಸರಿಪಡಿಸಿದರು. ಹೀಗೆ ಘೋಷರ ಮತವು ಪೂರ್ವಪಕ್ಷವಾಯಿತು. ಪೂರ್ಣವಿಯೋಗವನ್ನು ಮಾತ್ರ ಇವರೂ ಬಿಡಲಿಲ್ಲ.