ಆರ್.ಟಿ. ನಗರದ ಕಪಾಟಿನಲ್ಲಿ ಉಳಿದ ಸಿನಿಮಾ

ಇವತ್ತಿನ ಮಾತು ಆರ್.ಟಿ. ನಗರದ ನಮ್ಮ ಮನೆಯ ಒಂದು ಕಪಾಟಿನ ಬಗ್ಗೆ. ಅದರ ತುಂಬ ಡಿವಿಡಿ, ವಿಸಿಡಿಗಳು; ಹೆಚ್ಚಿನವು ಸೆಕೆಂಡ್ ಹ್ಯಾಂಡ್. ಬಾಡಿಗೆಗೆ ಸಿನಿಮಾ ಕೊಡುತ್ತಿದ್ದ ಅಂಗಡಿ ಬಾಗಿಲು ಹಾಕುವಾಗ ಮಾರಿದ್ದು ಕೆಲವು, ಫುಟ್‌ಪಾತ್‌ನಲ್ಲಿ ಸಿಕ್ಕಿದ್ದು ಕೆಲವು.

ಡಿಸ್ಕ್‌ಗಳು ಇಷ್ಟು ಮನೆಗಳಿಗೆ ಬಂದಿದ್ದಕ್ಕೂ ಒಂದು ಚರಿತ್ರೆ ಇದೆ. 2007ರ ಹೊತ್ತಿಗೆ ಮೋಸರ್ ಬೇರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರೋಕೆ ಶುರು ಮಾಡ್ತು. ನಕಲಿ ಡಿಸ್ಕ್‌ಗಳ ಜೊತೆ ಬೆಲೆಯಲ್ಲೇ ಪೈಪೋಟಿ ಮಾಡೋ ಲೆಕ್ಕಾಚಾರ ಅದು. 2018ರಲ್ಲಿ ಆ ಕಂಪನಿಯನ್ನೇ ಮುಚ್ಚುವ ಆದೇಶ ಬಂತು.

ಮೊನ್ನೆ ‘ನಾಗರಹಾವು’ ಹಾಕಿದೆ. ಪುಟ್ಟಣ್ಣ ಕಣಗಾಲರ 1972ರ ಚಿತ್ರ. ಒಂದು ವಿಸಿಡಿಯಲ್ಲಿ ಹಿಡಿಸೋದು ಸುಮಾರು 80 ನಿಮಿಷ, ಹಾಗಾಗಿ ಈ ಉದ್ದದ ಸಿನಿಮಾಗೆ ಮೂರು ಡಿಸ್ಕ್ ಬೇಕು. ನಮ್ಮ ಡಬ್ಬಿಯಲ್ಲಿ ಮೂರನೆಯದು ಇಲ್ಲ. ಕೊನೆಯ ದುರಂತ ನಡೆಯೋದೇ ಇಲ್ಲ. ರಾಮಾಚಾರಿ ನಮ್ಮ ಮನೆಯಲ್ಲಿ ಇನ್ನೂ ಬದುಕಿದ್ದಾನೆ!

ಇದನ್ನು ನಗುತ್ತಾ ಹೇಳಬಹುದು, ಯಾಕಂದ್ರೆ ‘ನಾಗರಹಾವು’ ಬೇರೆ ಕಡೆ ಪೂರ್ತಿ ಸಿಗುತ್ತೆ. ಆದರೆ ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನ’, ಅದರ ಒಂದೇ ಒಂದು ಪ್ರಿಂಟ್ ಕೂಡ ಇವತ್ತು ಉಳಿದಿಲ್ಲ. ಮೊದಲ ಮಾತನ್ನೇ ನಾವು ಕಳೆದುಕೊಂಡಿದ್ದೀವಿ.

ಕಪಾಟು ಆರ್ಕೈವ್ ಅಲ್ಲ, ಡಿಸ್ಕ್ ಕೂಡ ಹಾಳಾಗುತ್ತೆ, ನಿಜ. ಆದರೂ ನಿಮ್ಮ ಅಟ್ಟದ ಮೇಲೆ ಇಂಥ ಡಬ್ಬಿ ಇದ್ದರೆ, ಗುಜರಿಗೆ ಹಾಕೋ ಮುಂಚೆ ಒಂದೊಂದೇ ಹೆಸರು ಓದಿ ನೋಡಿ.