ನೀಲಗಿರಿ: ಮೋಯಾರಿನ ಆಚೆ ಈಚೆ

ಪೂರ್ವ ಪಶ್ಚಿಮ ಘಟ್ಟಗಳು ಕೂಡುವೆಡೆಯಲ್ಲಿರುವ ನೀಲಗಿರಿಯನ್ನು ಹೊರಜಗತ್ತಿನ ಸೋಂಕಿಲ್ಲದ ನಾಡೆಂದು ಬಣ್ಣಿಸುವುದು ರೂಢಿಯಾಗಿಬಿಟ್ಟಿದೆ. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ಬೆಟ್ಟವೇರಿದ ಮೇಲೆಯೇ ಅದರ ಚರಿತ್ರೆ ಮೊದಲಾಯಿತೆಂಬ ಭಾವನೆಯೂ ಇದರ ಫಲವೇ. ಶಾಸನಗಳನ್ನು ಬಲ್ಲವರು ಇದನ್ನು ಒಪ್ಪಲಾರರು.

ಉತ್ತರಕ್ಕೆ ಮೋಯಾರಿನ ಆಳವಾದ ಕಮರಿ, ದಕ್ಷಿಣಕ್ಕೆ ಭವಾನಿ. ನಡುವೆ 2637 ಮೀಟರ್ ಎತ್ತರದ ದೊಡ್ಡಬೆಟ್ಟ. ಹೆಸರು ಅಚ್ಚಗನ್ನಡವೆಂದು ಬೇರೆ ಹೇಳಬೇಕಿಲ್ಲ. ನಕಾಶೆಯಲ್ಲಿ ಕಮರಿಯೇ ಸಹಜ ಗಡಿಯಂತೆ ತೋರುತ್ತದೆ. ಆದರೆ ವಿಷ್ಣುವರ್ಧನನ ದಂಡನಾಯಕ ಪುಣಿಸನು ತೋದವರನ್ನು ಬೆದರಿಸಿ ನೀಲಾದ್ರಿಯನ್ನು ವಶಪಡಿಸಿಕೊಂಡನೆಂದು 1117ರ ಚಾಮರಾಜನಗರ ಶಾಸನ ತಿಳಿಸುತ್ತದೆ. ಪ್ರಶಸ್ತಿಯ ಅತಿಶಯೋಕ್ತಿಯನ್ನು ಕಳೆದರೂ, ಹೊಯ್ಸಳರ ಪಾಲಿಗೆ ಕಮರಿಯು ದಾಟಲಾಗದ ಗೆರೆಯಾಗಿರಲಿಲ್ಲವೆಂಬುದು ಸ್ಪಷ್ಟ. ಮೂರನೆಯ ಬಲ್ಲಾಳನ ಕಾಲದ ಮಾಧವ ದಣ್ಣಾಯಕನ ಮನೆತನವಂತೂ ನೀಲಗಿರಿಯನ್ನು ಮಣಿಸಿದ ಬಿರುದನ್ನೇ ಧರಿಸಿತ್ತು.

ಬಡಗರ ಪ್ರಶ್ನೆ ಇದಕ್ಕಿಂತ ತೊಡಕಿನದು. ಬಡಗಣಿಂದ ಬಂದವರೆಂದು ಹೆಸರೇ ಸಾರುತ್ತದೆ. ವಿಜಯನಗರದ ಪತನದ ನಂತರ ಒಮ್ಮೆಗೇ ವಲಸೆ ಬಂದರೆಂಬ ವಾದವಿದೆ. 1603ರಲ್ಲಿ ಬೆಟ್ಟವೇರಿದ ಪಾದ್ರಿ ಫೆನಿಸಿಯೊ ಅವರ ಊರುಗಳನ್ನು ಆಗಲೇ ಕಂಡಿದ್ದನು. ವಲಸೆ ತಂಡತಂಡವಾಗಿ ನಡೆದಿರಬೇಕೆಂದೇ ನನ್ನ ಎಣಿಕೆ. ಅವರು ಊರನ್ನು 'ಹಟ್ಟಿ' ಎನ್ನುತ್ತಾರೆ. ಪಕಾರ ಹಕಾರವಾದ ಈ ರೂಪ, ಕನ್ನಡದಲ್ಲಿ ಆ ಮಾರ್ಪಾಡು ಹರಡಿದ ಮೇಲೆ ಅಗಲಿದ ಜನರದೆಂದು ಊಹಿಸಲು ಎಡೆಗೊಡುತ್ತದೆ. 2011ರ ಜನಗಣತಿ ಬಡಗ ನುಡಿಯ ಸುಮಾರು 1.3 ಲಕ್ಷ ಜನರನ್ನು ಕನ್ನಡದ ಅಡಿಯಲ್ಲಿ ಎಣಿಸಿತು. ತಮ್ಮದು ಸ್ವತಂತ್ರ ಭಾಷೆಯೆಂಬುದು ಬಡಗರಲ್ಲಿ ಅನೇಕರ ನಿಲುವು. ನುಡಿಯ ನಂಟನ್ನು ತೋರಿಸುವುದು ನಮ್ಮ ಕೆಲಸ, ಅವರಿಗೆ ಹೆಸರಿಡುವುದಲ್ಲ.

ಬಡಗರ ಧಾನ್ಯ, ತೋದರ ತುಪ್ಪ, ಕೋತರ ಕಬ್ಬಿಣದ ಸಾಮಾನು ಹಾಗೂ ಮಡಕೆ, ಕುರುಂಬರ ಜೇನು ಪರಸ್ಪರ ವಿನಿಮಯವಾಗುತ್ತಿದ್ದುವು. 1860ರಲ್ಲಿ ಸಿಂಕೋನಾ ಬಂದಿತು. ಚಹಾ, ನೀಲಗಿರಿ ಮರ, ವ್ಯಾಟಲ್‌ಗಳು ನೀರು ಹಿಡಿದಿಡುವ ಹುಲ್ಲುಗಾವಲನ್ನು ಆಕ್ರಮಿಸಿದುವು. ಆ ನೀರಿನಿಂದಲೇ 1932ರಲ್ಲಿ ಪೈಕಾರಾದಲ್ಲಿ ವಿದ್ಯುತ್ ಉತ್ಪಾದನೆ ಮೊದಲಾಯಿತು.

ಗಡಿಯ ಗೆರೆಯನ್ನು 1956ರ ರಾಜ್ಯ ಪುನರ್ವಿಂಗಡಣೆಯ ತಲೆಗೆ ಕಟ್ಟುವವರಿದ್ದಾರೆ. 1799ರಲ್ಲಿ ಟಿಪ್ಪು ಮಡಿದಾಗ ಕೊಯಮತ್ತೂರು ಸೀಮೆಯೊಡನೆ ಈ ಬೆಟ್ಟ ಕಂಪನಿಯ ಪಾಲಾಯಿತು. ಬೇರ್ಪಡೆಯ ಮೂಲವಿರುವುದು ಅಲ್ಲಿ. ದಣ್ಣಾಯಕರ ಕೋಟೆ 1950ರ ದಶಕದಲ್ಲಿ ಭವಾನಿಸಾಗರದ ನೀರಿನಲ್ಲಿ ಮುಳುಗಿತು. ಜಲಾಶಯ ಬಹಳ ಬತ್ತಿದ ವರ್ಷಗಳಲ್ಲಿ ಮಾತ್ರ ಅಲ್ಲಿಯ ಗುಡಿಯ ಕಲ್ಲುಗಳು ಮೇಲೆ ಕಾಣಿಸುತ್ತವೆ.